ಪ್ಯಾಕೆಟ್ ಕೋಳಿಯ ಹೊಸತೊಡಕು

ಹೊಸತೊಡಕಿನ ಬೆಳಿಗ್ಗೆ ನನ್ನ ಮೂಗು ಮುರಿದವನು, ಒಂದು ಕಾಲದಲ್ಲಿ ನಾನು ಹೆಗಲ ಮೇಲೆ ಕೂರಿಸಿಕೊಂಡು ಮಡಿವಾಳ ಮಾರ್ಕೆಟ್ ಸುತ್ತಿಸಿದ್ದ ಹುಡುಗ. ಅವನ ತಂದೆ ನನ್ನ ಯಜಮಾನರು. ಬಿಟಿಎಂ ಬಡಾವಣೆಯಲ್ಲಿ ಅವರದು ಹಲಾಲ್ ಕೋಳಿ ಅಂಗಡಿ, ನಾನು ಅಲ್ಲಿ ಕೊಯ್ಯುವವನು. ಮೀಸೆ ಚಿಗುರಿದಾಗ ಹಿಡಿದ ಚಾಕುವನ್ನು ಗಡ್ಡ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಕೋಳಿಯ ರೆಕ್ಕೆ ಹಿಂದಕ್ಕೆ ಮಡಚಿ, ಕತ್ತು ಎಳೆದು, ದೇವರ ಹೆಸರು ಹೇಳಿ ಒಂದೇ ಎಳೆತ. ಡ್ರಮ್ಮಿನೊಳಗೆ ಅದು ಒದ್ದಾಡುವ ಸದ್ದು ನಿಲ್ಲುವ ತನಕ ಮುಂದಿನದಕ್ಕೆ ಕೈ ಹಾಕುತ್ತಿರಲಿಲ್ಲ. ಕ್ರೂರ ಕೆಲಸ ಎನ್ನುವವರು ಎನ್ನಲಿ. ತಿನ್ನುವ ಬಾಯಿಗೆ ಅಂಟದ ಪಾಪ ಕೊಯ್ಯುವ ಕೈಗೆ ಮಾತ್ರ ಅಂಟುತ್ತದೆ ಎಂದರೆ ನಾನು ಒಪ್ಪುವವನಲ್ಲ.

ಯಜಮಾನರು ತೀರಿಕೊಂಡ ಮೇಲೆ ಮಗ ವ್ಯಾಪಾರದ ದಾರಿಯನ್ನೇ ಬದಲಿಸಿದ. ಪಿಜಿಯಲ್ಲಿರುವವರು ರಕ್ತ ಕಂಡರೆ ಒಳಗೆ ಬರುವುದಿಲ್ಲ ಎಂದು ಪಂಜರಗಳನ್ನು ಗುಜರಿಗೆ ಹಾಕಿದ. ಗೋಡೆಗೆ, ನೆಲಕ್ಕೆ ಬಿಳಿ ಟೈಲ್ಸ್ ಬಂತು, ಫ್ರೀಜರ್ ಬಂತು. ಊರಾಚೆಯ ಫ್ಯಾಕ್ಟರಿಯಲ್ಲಿ ಕೊಯ್ದು, ಕತ್ತರಿಸಿ, ತೊಳೆದ ಕೋಳಿ ಪ್ಯಾಕೆಟ್ಟಿನಲ್ಲಿ ಬರತೊಡಗಿತು. ನನ್ನ ತಲೆಗೆ ಪ್ಲಾಸ್ಟಿಕ್ ಟೋಪಿ, ಕೈಗೆ ಬಿಲ್ ಹಾಕುವ ಮೆಷಿನ್. ಕಲಿತೆ. ಹೊಟ್ಟೆಪಾಡು, ಕಲಿಯದೆ ಏನು ಮಾಡಲಿ? ಆ ಮೆಷಿನ್ ಕುಂಯ್ ಎಂದಾಗಲೆಲ್ಲ ಎತ್ತಿ ನೆಲಕ್ಕೆ ಕುಕ್ಕುವ ಆಸೆಯಾಗುತ್ತಿತ್ತು. ಅದನ್ನೂ ನುಂಗಿಕೊಂಡೆ.

ನುಂಗಲಾಗದ್ದು ಒಂದೇ. ಅವನು ಪ್ಯಾಕೆಟ್ಟಿನ ಮೇಲೆ ನನ್ನ ಫೋಟೋ ಹಾಕಿಸಿದ. ಬಿಳಿ ಗಡ್ಡ, ಕೈಯಲ್ಲಿ ಚಾಕು. ಕೆಳಗೆ 'ನಮ್ಮ ಚಾಚಾ ಕೈಯಾರೆ ಕೊಯ್ದ ಕೋಳಿ'. ಫೋಟೋ ತೆಗೆಯುವಾಗ ಅಂಗಡಿಯ ಬೋರ್ಡಿಗೆ ಎಂದಿದ್ದ. ಮನೆಮಾತು ಉರ್ದುವಾದರೂ ಅಂಗಡಿಯಲ್ಲಿ ನಮ್ಮ ಜಗಳವೆಲ್ಲ ಕನ್ನಡದಲ್ಲೇ.

"ನಾನು ಕೊಯ್ದೇ ಇಲ್ವಲ್ಲೋ," ಎಂದೆ.

"ಫ್ಯಾಕ್ಟರೀಲೂ ಹಲಾಲೇ ಚಾಚಾ. ಸರ್ಟಿಫಿಕೇಟ್ ಇದೆ."

"ಹಾಗಾದ್ರೆ ಸರ್ಟಿಫಿಕೇಟ್ ಫೋಟೋ ಹಾಕು."

ಅವನು ನಕ್ಕ. ಫ್ಯಾಕ್ಟರಿಯಲ್ಲಿ ಕೊಯ್ಯುವವರೂ ನನ್ನಂಥವರೇ, ದೇವರ ಹೆಸರು ಹೇಳಿಯೇ ಕೊಯ್ಯುತ್ತಿರಬಹುದು. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾನು ಕಣ್ಣಲ್ಲೂ ಕಾಣದ ಕೋಳಿಗೆ ನನ್ನ ಮುಖ ಏಕೆ ಜಾಮೀನು ನಿಲ್ಲಬೇಕು? ಇಷ್ಟು ವರ್ಷ ಜನ ನಂಬಿದ್ದು ನನ್ನ ಮಾತನ್ನು. ನನ್ನ ಬಳಿ ಇದ್ದ ಆಸ್ತಿ ಅದೊಂದೇ.

ಯುಗಾದಿಯ ಮಾರನೇ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಹುಳಿಮಾವು ಊರಿನ ಹಳೇ ಒಕ್ಕಲು ಮನೆಯವರೂ ಅಂದು ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ಕ್ಯೂ ಬೀದಿ ತಿರುವಿಗೆ ಮುಟ್ಟಿತ್ತು. ಮುಂದೆ ನಿಂತ ಹುಳಿಮಾವಿನ ಅಮ್ಮ ನನ್ನ ಹಳೇ ಗಿರಾಕಿ. ಪ್ಯಾಕೆಟ್ಟನ್ನು ತಿರುಗಿಸಿ ನೋಡಿದರು.

"ಏನಪ್ಪ, ನೀನೇ ಕೊಯ್ದಿದ್ದಾ ಇದು?"

ನನ್ನ ಹಿಂದೆ ನಿಂತಿದ್ದ ಯಜಮಾನರ ಮಗ ಬೆನ್ನಿಗೆ ಬೆರಳು ಚುಚ್ಚಿದ. ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ಇಲ್ಲಮ್ಮ. ಫೋಟೋ ಮಾತ್ರ ನಂದು."

ಎಲ್ಲರೆದುರು ಅವನ ಕೈ ನನ್ನ ಕೆನ್ನೆಗೆ ಬಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕೈಯಲ್ಲಿದ್ದ ಬಿಲ್ ಮೆಷಿನ್ನಿನಿಂದ ಅವನ ಬಾಯಿಗೆ ಬಾರಿಸಿದೆ. ಹಲ್ಲು ಮುರಿದ ಸದ್ದು ಕೇಳಿಸಿತು. ಸುಳ್ಳೇಕೆ, ಹಿತವಾಗಿಯೇ ಕೇಳಿಸಿತು. ಅವನು ನನ್ನ ಗಡ್ಡ ಹಿಡಿದೆಳೆದು ಫ್ರೀಜರಿನ ಅಂಚಿಗೆ ಮುಖ ಚಚ್ಚಿದ. ಮತ್ತೆ ಚಚ್ಚಿದ. ಮೂಗಿನೊಳಗೆ ಏನೋ ಲಟಕ್ಕೆಂದಿತು, ಬಾಯಿ ತುಂಬ ಬಿಸಿ ರಕ್ತ. ಕೈಗೆ ಸಿಕ್ಕ ಅವನ ಕೂದಲು ಹಿಡಿದು ನೆಲಕ್ಕೆ ಕೆಡವಿ ಮೊಣಕಾಲಲ್ಲಿ ಎದೆಗೆ ಗುದ್ದಿದೆ. "ನಮ್ಮಪ್ಪನ ಉಪ್ಪು ತಿಂದು ನನ್ನೇ ಮುಳುಗಿಸ್ತೀರಾ?" ಎಂದು ಅವನು ಅಳುತ್ತಲೇ ಗುದ್ದುತ್ತಿದ್ದ. ಹತ್ತಿರದಲ್ಲಿ ಚಾಕು ಇರದಿದ್ದುದು ಇಬ್ಬರ ಪುಣ್ಯ. ಕ್ಯೂನಲ್ಲಿದ್ದವರು ಒಳಗೆ ನುಗ್ಗಿ ಬಿಡಿಸಿದರು.

ನನ್ನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದರು. ಇನ್ನು ಜನ ಚದುರುತ್ತಾರೆ ಎಂದುಕೊಂಡೆ. ಚದುರಲಿಲ್ಲ. ಎಲ್ಲರ ಮನೆಯಲ್ಲೂ ನೆಂಟರು, ಮಸಾಲೆ ಅರೆದಿಟ್ಟು ಬಂದಿದ್ದಾರೆ. ಹುಳಿಮಾವಿನ ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, "ನಿಜ ಹೇಳ್ದೆ, ನಿಂಗೆ ಒಳ್ಳೇದಾಗ್ಲಿ. ಆದ್ರೆ ಈ ಹೊತ್ನಲ್ಲಿ ನಾನಿನ್ನೆಲ್ಲಿಗೆ ಹೋಗ್ಲಿ ಹೇಳು," ಎಂದು ಎರಡು ಪ್ಯಾಕೆಟ್ ಕೊಂಡು ಹೋದರು. ತುಟಿಗೆ ಬಟ್ಟೆ ಒತ್ತಿಕೊಂಡು ಹುಡುಗನೇ ವ್ಯಾಪಾರ ಮಾಡುತ್ತಿದ್ದ. ಒಂದೊಂದೇ ಕೈಚೀಲದಲ್ಲಿ ನನ್ನ ಫೋಟೋ ನನ್ನ ಮುಂದೆಯೇ ಹೋಗುತ್ತಿತ್ತು. ಮೂಗಿಗಿಂತ ಅದೇ ಹೆಚ್ಚು ನೋಯಿತು.

ಆಮೇಲೆ ಬೈಕಿನಲ್ಲಿ ಬಂದವನೊಬ್ಬನಿಗೆ ಹೊಡೆದಾಟದ ಸುದ್ದಿಯೇ ಗೊತ್ತಿರಲಿಲ್ಲ. ಪ್ಯಾಕೆಟ್ ಹಿಡಿದು ಮೆಟ್ಟಿಲಿಳಿಯುತ್ತ ನನ್ನ ಪಕ್ಕ ನಿಂತ.

"ಅಂಕಲ್, ಈ ಫೋಟೋದಲ್ಲಿರೋ ಚಾಚಾ ನೀವೇನಾ?"

"ಅಲ್ಲ," ಎಂದೆ.

ಅವನು ಫೋಟೋ ನೋಡಿದ. ಊದಿಕೊಂಡು ಒಂದು ಕಣ್ಣು ಮುಚ್ಚಿಹೋಗಿದ್ದ ನನ್ನ ಮುಖವನ್ನೂ ನೋಡಿದ. ಒಂದಿಷ್ಟೂ ಅನುಮಾನ ಪಡದೆ, "ಸಾರಿ ಅಂಕಲ್," ಎಂದು ಬೈಕ್ ಹತ್ತಿದ.