ಸತ್ತ ಮೇಲೆ ಇಬ್ಬರು ಮಕ್ಕಳನ್ನು ಪಡೆದ ಸೈನಿಕ

ಯುದ್ಧಕ್ಕೆ ಹೋದ ಊರವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ, ದಾಖಲೆ ತೋರಿಸಿದರೆ ಸಾಕು ಎಂಬ ಸುದ್ದಿ ತಂದವನು ಅಣ್ಣ. "ತಾತನ ಹೆಸರು ಬರಲೇಬೇಕು," ಎಂದು ಮೇಜು ಗುದ್ದಿದ. ಗುದ್ದುವುದಷ್ಟೇ ಅವನ ಕೆಲಸ. ಓಡಾಟವೆಲ್ಲ ತಂಗಿಯ ಪಾಲು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಅವಳಿಗೆ ಪುರುಸೊತ್ತೆಲ್ಲಿ? ಸೇನೆಯ ಹಳೇ ದಾಖಲೆ ಹುಡುಕಿಕೊಡುವ ಸಂಶೋಧಕರೊಬ್ಬರನ್ನು ಗೊತ್ತುಮಾಡಿದಳು.

ಅವರು ವಾರಕ್ಕೆರಡು ಸಲ ಬಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂರುತ್ತಿದ್ದರು. ಗಿರಾಕಿಗಳು ನಿಂತು ಕಾಯಬೇಕು.

"ತಾತನ ಎತ್ತರ ಎಷ್ಟು?"

"ನಾನು ಹುಟ್ಟೋಕೆ ಮುಂಚೇನೇ ಹೋದ್ರು ಸಾರ್."

"ಫೋಟೋದಲ್ಲಿ ಅಂಗಿಗೆ ಐದು ಗುಂಡಿನಾ, ಆರಾ?"

ಮನೆಯ ಗೋಡೆಯಿಂದ ಸಮವಸ್ತ್ರದ ಫೋಟೋ ಇಳಿಸಿ ಎಣಿಸಿದಳು. ಐದು. ಮರುವಾರ ಮತ್ತದೇ ಪ್ರಶ್ನೆ. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಐದು ಎಂದಳು.

ಏಳನೇ ತಿಂಗಳು ಸಂಶೋಧಕರು ಒಂದು ಹಾಳೆ ಹಿಡಿದು ಬಂದರು. "ಸಿಕ್ಕಿದ್ರಮ್ಮ. ಆದ್ರೆ ಸಣ್ಣ ತೊಂದರೆ. ಯುದ್ಧದ ಎರಡನೇ ವರ್ಷಾನೇ ತೀರ್ಕೊಂಡಿದಾರೆ. ಆಮೇಲೆ ಅವರಿಗೆ ಇಬ್ಬರು ಮಕ್ಕಳು ಹುಟ್ಟಿದಾರೆ."

ಆ ಇಬ್ಬರಲ್ಲಿ ಒಬ್ಬರು ಅವಳ ಅಪ್ಪ. ಇನ್ನೊಬ್ಬರು ಮನೆಯಲ್ಲೇ ಇರುವ ಸೋದರತ್ತೆ. ಅಪ್ಪ ತೀರಿಹೋಗಿದ್ದರು. ಅಂದು ಅಂಗಡಿಯ ಬಾಗಿಲು ಬೇಗ ಎಳೆದು ಅತ್ತೆಯ ಮುಂದೆ ಹೋಗಿ ನಿಂತಳು.

"ಅದು ನಮ್ಮಪ್ಪ ಅಲ್ಲ ಕಣೇ, ಅವರ ತಮ್ಮ," ಅಂದರು ಅತ್ತೆ, ಬಟ್ಟೆ ಮಡಿಸುತ್ತಲೇ. "ಹದಿನಾರು ವರ್ಷದವನನ್ನ ಯಾರು ಸೇರಿಸ್ಕೋತಾರೆ? ಅಣ್ಣನ ಕಾಗದಪತ್ರ ಕದ್ದು, ಅಣ್ಣನ ಹೆಸರಲ್ಲೇ ಸೇರ್ಕೊಂಡ. ಅಲ್ಲೇ ಹೋದ."

"ಅತ್ತೆ! ಏಳು ತಿಂಗಳಿಂದ ಬಾಯಿ ಬಡ್ಕೋತಿದೀನಿ!"

"ಊರೋರನ್ನೆಲ್ಲ ಕೇಳಿದೆ. ನನ್ನನ್ನ ಕೇಳಿದ್ಯಾ?"

ಅವಳು ಗೋಡೆಯ ಫೋಟೋದ ಕಡೆ ತಿರುಗಿದಳು.

ಅತ್ತೆ ಮಡಿಸುವುದನ್ನು ನಿಲ್ಲಿಸಿದರು. "ಫೋಟೋ ನೋಡಿದೋರೆಲ್ಲ 'ಇದು ನೀವೇನಾ?' ಅಂತ ಕೇಳೋರು. ಅಪ್ಪ ಎದ್ದು ಆಚೆ ಹೋಗ್ಬಿಡೋರು. ಅಲ್ಲ ಅಂದ್ರೆ ತಮ್ಮ ಕಳ್ಳ ಅಂತಾಗುತ್ತೆ, ಹೌದು ಅಂದ್ರೆ ಸುಳ್ಳಾಗುತ್ತೆ."

ಅಲ್ಲಿಂದ ಅವಳಿಗೆ ಆ ಹುಡುಗನ ಹೆಸರನ್ನೇ ಕೆತ್ತಿಸುವ ಹಟ ಹಿಡಿಯಿತು. ಹೆಸರು ಕೆತ್ತಿಸುವ ಕಚೇರಿಯ ಗುಮಾಸ್ತ ತಲೆ ಎತ್ತಲಿಲ್ಲ. "ದಾಖಲೇಲಿರೋ ಹೆಸರನ್ನೇ ಕೆತ್ತೋದು."

"ಆ ಹೆಸರಿನೋರು ಯುದ್ಧಕ್ಕೇ ಹೋಗಿಲ್ಲ ಸಾರ್!"

"ಹಾಗಾದ್ರೆ ಕೆತ್ತೋದೇ ಇಲ್ಲ."

ನಾಲ್ಕು ಸಲ ಅರ್ಜಿ ಬರೆದಳು. ಒಂದು ಕಳೆದುಹೋಯಿತು, ಇನ್ನೊಂದಕ್ಕೆ ತಪ್ಪು ಬಣ್ಣದ ಶಾಯಿಯಂತೆ. ಕೊನೆಗೆ ಸಂಶೋಧಕರೇ ಅತ್ತೆಯ ಹೇಳಿಕೆ ಬರೆಸಿ, ರುಜು ಹಾಕಿಸಿ, ಅಣ್ಣತಮ್ಮಂದಿರ ಶಾಲೆಯ ದಾಖಲೆ ಹುಡುಕಿ, ನಲವತ್ತು ಪುಟದ ಕಂತೆ ತಂದು ಗುಮಾಸ್ತನ ಮುಂದೆ ಇಟ್ಟರು. ಅಷ್ಟನ್ನೂ ಓದುವುದಕ್ಕಿಂತ ಒಪ್ಪುವುದೇ ಸುಲಭ ಎನಿಸಿತೋ ಏನೋ, ಮೊಹರು ಬಿತ್ತು.

ಹೆಸರು ಕೆತ್ತಿಯಾದ ಮೇಲೆ ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ತಾವು ಕಣ್ಣಾರೆ ಕಾಣದ ಚಿಕ್ಕಪ್ಪನ ಹೆಸರಿನ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಅಣ್ಣ ಯಾರಿಗೋ ವಿವರಿಸುವುದು ಕೇಳಿಸಿತು: "ಇವರೇ ನೋಡಿ ನಮ್ಮ ತಾತ."

"ತಾತ ಅಲ್ಲ ಕಣೋ, ತಾತನ ತಮ್ಮ!"

"ಯಾರಾದ್ರೇನು, ನಮ್ಮೋರೇ ತಾನೇ," ಎಂದ ಅಣ್ಣ.