ಗಿರಣಿ ಅಕ್ಕನ ಬೋಗುಣಿ

ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿದಾಗಲೇ ನಾನು ಎದ್ದು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಕಳೆದ ಭಾನುವಾರ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಹದಿನೈದು ಜನ ಕೂತಿದ್ದೆವು. ಪವಾಡಗಳ ಗುಟ್ಟು ಬಿಡಿಸಿ ತೋರಿಸುವ ಸಣ್ಣ ಕಾರ್ಯಾಗಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳೆಂದು ನನ್ನನ್ನೂ ಕರೆದಿದ್ದರು. ನಡೆಸಿಕೊಡುತ್ತಿದ್ದ ಯುವಕ ನನ್ನನ್ನೇ ಮುಂದೆ ಕರೆದು, ಅಂಗೈಯಿಂದ ಮೊಣಕೈವರೆಗೆ ನೀರಿನಂಥ ಏನನ್ನೋ ಸವರಿದ. ಬೋಗುಣಿಯ ಮೇಲೆ ಕೈ ಚಾಚಿಸಿ ಸುಣ್ಣದ ತಿಳಿನೀರು ಸುರಿದ. ಬೋಗುಣಿಗೆ ಇಳಿದದ್ದು ಹಳದಿ ನೀರು... ಅರಿಸಿನ ಕದಡಿದಂಥ ಹಳದಿ.

“ಮೇಡಮ್ಮೋರಿಗೆ ಕಾಮಣಿ ಆಗೈತಿ ನೋಡ್ರಿ” ಎಂದ, ಕಾಮಾಲೆ ಇಳಿಸುವವರ ಧಾಟಿಯಲ್ಲಿ. ಎಲ್ಲರೂ ನಕ್ಕರು. ಸವರಿದ್ದು ಮಾವಿನ ತೊಗಟೆಯ ರಸ, ಅದಕ್ಕೆ ಸುಣ್ಣ ತಾಗಿದರೆ ಯಾರ ಕೈಯಿಂದಲಾದರೂ ಹಳದಿ ನೀರೇ ಇಳಿಯುತ್ತದೆ ಎಂದು ವಿವರಿಸಿದ. ಮುಂದಿನ ಸಾಲಿನಲ್ಲಿದ್ದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, “ಇಂಥಾದ್ದು ನಂಬೋರಿಗೆ ತಲಿಯಾಗ ಏನೂ ಇರಂಗಿಲ್ಲ ಬಿಡ್ರಿ” ಎಂದರು. ಮತ್ತೆ ನಗು.

ನನಗೆ ಮೈಯೆಲ್ಲ ಉರಿಯಿತು.

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯವರದು ಹಿಟ್ಟಿನ ಗಿರಣಿ. ಅದನ್ನು ನಡೆಸುತ್ತಿದ್ದವಳು ಓಣಿಗೆಲ್ಲ ಗಿರಣಿ ಅಕ್ಕ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಯಾವುದನ್ನೂ ಪರೀಕ್ಷಿಸದೆ ಒಪ್ಪಿಕೊಂಡ ಹೆಣ್ಣಲ್ಲ. ಜೋಳ ಬೀಸಿದ ಮೇಲೆ ಗೋಧಿ ಹಾಕುವಾಗ ಮೊದಲು ಒಂದು ಹಿಡಿ ಗೋಧಿ ಬೀಸಿ, ಆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಬದಿಗೆ ಸುರಿಯುತ್ತಿದ್ದಳು. ಹಳೆಯ ಜೋಳದ ಪುಡಿ ಬೆರೆತಿಲ್ಲವೆಂದು ಗೊತ್ತಾದ ಮೇಲೇ ಗಿರಾಕಿಯ ಡಬ್ಬಿ ಕೆಳಗಿಡುವುದು. ಒಮ್ಮೆ ಕಾವಿ ಉಟ್ಟವನೊಬ್ಬ ಗಿರಣಿಯ ಬಾಗಿಲಲ್ಲಿ ನಿಂತು ಬರಿಗೈಯಿಂದ ಭಸ್ಮ ಉದುರಿಸಿದ. ಅಕ್ಕ ಬೆಲ್ಟು ನಿಲ್ಲಿಸಿ, “ಭಸ್ಮ ಬ್ಯಾಡ್ರೀ ಸ್ವಾಮ್ಯಾರ, ಎರಡು ಸೇರು ಗೋದಿ ಉದುರಸ್ರಿ. ಪುಕ್ಕಟೆ ಬೀಸಿ ಕೊಡ್ತೀನಿ” ಎಂದಳು. ಅವನು ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ಆಗ ನಾನು ಬಿ.ಎಸ್ಸಿ. ಎರಡನೇ ವರ್ಷ. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿಬರುತ್ತಿದ್ದೆ. ಕೆಮಿಸ್ಟ್ರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಾಡುವುದರಲ್ಲೇ ಒಂದು ಗತ್ತು. ಅಕ್ಕನ ಕಣ್ಣು ಹಳದಿಯಾಗಿ ಊಟ ಸೇರದಾದಾಗ, ಕುರುಗೋಡಿನ ಆಚೆಯ ಹಳ್ಳಿಯಲ್ಲಿ ಸುಣ್ಣದ ನೀರು ಸುರಿದು ಕಾಮಣಿ ಇಳಿಸುವವನಿದ್ದಾನೆ ಎಂದು ಯಾರೋ ಹೇಳಿದರು. ಅಕ್ಕ ಸುಮ್ಮನೆ ಹೊರಡಲಿಲ್ಲ. ಅವನದೇನೂ ಬೇಡವೆಂದು ತನ್ನ ಮನೆಯ ಬೋಗುಣಿ ತೆಗೆದುಕೊಂಡಳು. ತನ್ನ ನಲ್ಲಿಯ ನೀರು ಎರಡು ಬಾಟಲಿ. ತಾನು ಎಲೆಗೆ ಹಚ್ಚುವ ಸುಣ್ಣದ ಡಬ್ಬಿ. ಆಮೇಲೆ ನನ್ನನ್ನೂ ಕರೆದಳು.

“ನೀ ಸೈನ್ಸ್ ಓದಾಕಿ. ನನ್ನ ಬಾಜೂಕ ಕುಂತು ಕಣ್ಣು ಮಿಟಕಸದಂಗ ನೋಡಬೇಕು ಮತ್ತ.”

ನೋಡಿದೆ. ಅವನು ಗಿಡಮೂಲಿಕೆಯದೆಂದು ಹೇಳಿ ಒಂದು ರಸವನ್ನು ಅವಳ ಕೈಗಳಿಗೆ ಸವರಿದ. ರಸಕ್ಕೆ ಬಣ್ಣವಿರಲಿಲ್ಲ. ಅಕ್ಕನ ಸುಣ್ಣ, ಅಕ್ಕನ ನೀರು, ಅವಕ್ಕೂ ಹಳದಿಯಿಲ್ಲ. ಬೋಗುಣಿಗೆ ಇಳಿದದ್ದು ಮಾತ್ರ ಅಪ್ಪಟ ಹಳದಿ. ಅಕ್ಕ ಬೋಗುಣಿ ಎತ್ತಿ ಬಿಸಿಲಿಗೆ ಹಿಡಿದಳು, ಮೂಸಿದಳು, ನನ್ನ ಕಡೆ ತಿರುಗಿದಳು.

“ಏನಲೇ, ಇದರಾಗ ಏನಾರ ಮೋಸ ಐತೇನು?”

“ಇಲ್ಲಕ್ಕ. ಹಳದಿ ನಿನ್ನ ಮೈಯಿಂದನ ಬಂದೈತಿ” ಎಂದೆ.

ಹೌದು, ನಾನೇ ಅಂದೆ.

ಮೂರು ವಾರ, ಮೂರು ಸಲ ಹೋದೆವು. ಪ್ರತಿ ಸಲವೂ ಹಳದಿ ಸ್ವಲ್ಪ ತೆಳುವಾಗಿತ್ತು. ಆ ನೀಚ ತನ್ನ ರಸಕ್ಕೆ ನೀರು ಬೆರೆಸುತ್ತ ಬಂದಿದ್ದ ಎಂದು ಈಗ ತಿಳಿಯುತ್ತದೆ. “ಇಳಿಯಾಕತ್ತೈತಿ” ಎಂದು ಅಕ್ಕ ಆಸ್ಪತ್ರೆಯ ಮಾತು ಬಿಟ್ಟಳು. ಅವನು ಹೇಳಿದ ಪಥ್ಯದಂತೆ ಉಪ್ಪು, ಎಣ್ಣೆ ಮುಟ್ಟದೆ ಮಜ್ಜಿಗೆ ಅನ್ನ ತಿಂದಳು. ಮೂರನೆಯ ವಾರ ಮಾತು ತೊದಲತೊಡಗಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣರೆಪ್ಪೆ ಸರಿಸಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ನಮ್ಮನ್ನು ಕೇಳಿದರು. ಅಕ್ಕ ನನ್ನ ಕೈ ಹಿಡಿದು, “ನೀರು ಹಳದಿ ಆಗಿತ್ತಲ್ಲಲೇ... ನೀನೂ ನೋಡಿದೆಲ್ಲ...” ಎಂದಳು. ನಾಲ್ಕನೆಯ ದಿನ ಹೋಗಿಬಿಟ್ಟಳು.

ಅವಳ ಗಂಡ ಆ ಹಳ್ಳಿಗೇ ಹೋಗಿ ಕೇಳಿದ್ದಕ್ಕೆ ಆ ಕಾಮಣಿ ಇಳಿಸುವವನು ಕೊಟ್ಟ ಉತ್ತರ: “ಆಯಮ್ಮ ಪಥ್ಯ ಕೆಡಿಸಿರಬೇಕು.” ಇಷ್ಟು ವರ್ಷವಾದರೂ ಈ ಒಂದು ಮಾತು ನೆನೆದರೆ ನನಗೆ ಹಲ್ಲು ಕಡಿಯುವಂತಾಗುತ್ತದೆ. ಹೋದ ವರ್ಷ ಅದೇ ದಾರಿಯಲ್ಲಿ ಹೋಗುವಾಗ ನೋಡಿದೆ. ಅವನ ಮನೆಗೆ ಈಗ ಟೈಲ್ಸು ಬಂದಿದೆ. ಮುಂದೆ ಬೈಕುಗಳ ಸಾಲು. ಹಿಂದಿನ ಸೀಟಿನಲ್ಲಿ ಹಳದಿ ಕಣ್ಣಿನವರು...

ಭಾನುವಾರ ಆ ಹಿರಿಯರ ಮಾತಿಗೆ ನಾನು ಸುಮ್ಮನಿರಲಿಲ್ಲ. “ಸರ್, ನಂಬಿದಾಕಿ ತಲಿ ನಿಮ್ಮ ತಲಿಗಿಂತ ಚುರುಕಿತ್ರಿ. ಬೋಗುಣಿ, ನೀರು, ಸುಣ್ಣ ಎಲ್ಲಾ ಮನಿಯಿಂದ ತಂದಿದ್ಲು. ನಂಬಿ ಸತ್ತಾಕಿ ಆಕಿ. ನಂಬಿಸಿದಾಕಿ ನಾನು. ನಗೋದಿದ್ರ ನನ್ನ ನೋಡಿ ನಗ್ರಿ” ಎಂದೆ. ದನಿ ಏರಿತ್ತು, ಏರಲಿ. ಯುವಕ ಬೋಗುಣಿಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದ. ನಾನು ಅದನ್ನು ಮತ್ತೆ ಮೇಲಿಡಿಸಿದೆ. ಆ ಹಿರಿಯರಿಂದ ಹಿಡಿದು ಒಬ್ಬೊಬ್ಬರ ಕೈಗೂ ರಸ ಸವರಿ ಸುಣ್ಣದ ನೀರು ಸುರಿದೆ. ಹದಿನೈದು ಜನಕ್ಕೂ ಹಳದಿಯೇ.

ಸಂಜೆ ಮನೆಗೆ ಬಂದು ಸಾಬೂನು ಹಚ್ಚಿ ತೊಳೆದರೂ ಉಗುರಿನ ಸಂದಿಯ ಹಳದಿ ಪೂರ್ತಿ ಹೋಗಲಿಲ್ಲ. ಅಕ್ಕನ ಗಿರಣಿ ಎಂದೋ ಮುಚ್ಚಿದೆ. ಬೆರಳಲ್ಲಿ ಹಿಟ್ಟು ತಿಕ್ಕಿ ನೋಡುವವರು ಈಗ ಆ ಓಣಿಯಲ್ಲಿ ಯಾರೂ ಇಲ್ಲ. ನಲ್ಲಿಯ ಕೆಳಗೆ ನನ್ನ ಕೈಗಳನ್ನೇ ನೋಡುತ್ತ ನಿಂತೆ. ಯಾವ ರೋಗವೂ ಇಲ್ಲದ ಈ ಎರಡು ಕೈ ಅವತ್ತು ಅಲ್ಲೇ, ಅಕ್ಕನ ಪಕ್ಕದಲ್ಲೇ, ನನ್ನ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. “ನನ್ನ ಕೈಗೂ ಒಂದು ಸಲ ಸವರ್ರಿ” ಎಂದು ಮುಂದೆ ಚಾಚಿದ್ದರೆ ಸಾಕಿತ್ತು.