ಬೊಗಸಿ ಹಾಕಿದ ತೂಕ

ಮೋಟೆಬೆನ್ನೂರಿನ ಮುಮ್ತಾಜಬಿ ಬಾಯಿ ಜೋರು. ಆದ್ರೂ ಮೆಣಸಿನಕಾಯಿ ಹರಿಯಾಕ ಹೆಣ್ಣಾಳು ಬೇಕಂದ್ರ ಬ್ಯಾಡಗಿ ಸೀಮಿ ಮಂದಿ ಆಕಿ ಮನಿ ಬಾಗಿಲಿಗೇ ಬರ್ತಾರ. ಇಪ್ಪತ್ತೆರಡು ವರ್ಷದಿಂದ ಹತ್ತು ಹೆಂಗಸರನ್ನ ಕಟಗೊಂಡು ಹೊಲಾ ತಿರಗ್ಯಾಳ. ಆ ಗುಂಪಿನಾಗ ಒಂದು ರೂಢಿ ಐತಿ. ಯಾರರ ಹಿಂದ ಬಿದ್ರ, ಬಾಜೂದಾಕಿ ತನ್ನ ಬುಟ್ಟಿಯಿಂದ ಎರಡು ಬೊಗಸಿ ಕಾಯಿ ಆಕಿ ಬುಟ್ಟಿಗೆ ಹಾಕಬೇಕು. ಮಾಲೀಕನ ಮುಂದ ಯಾರ ಮಾರೀನೂ ಸಣ್ಣದಾಗಬಾರದು. ಇದನ್ನ ಕಲಿಸಿದಾಕಿ ಮುಮ್ತಾಜಬೀನ.

ಎರಡು ವರ್ಷದ ಹಿಂದ ಗುತ್ತಲದ ಸುರೇಖಾ ಬಂದ್ಲು, ಪಿಎಚ್‌ಡಿ ಮಾಡೋ ಹುಡುಗಿ. ಒಂದು ಎಕರೆ ಹೊಲಾನ ಸಣ್ಣ ಸಣ್ಣ ಮಡಿ ಮಾಡಿ, ಅರ್ಧಕ್ಕ ಹೊಸಾ ತಳಿ, ಅರ್ಧಕ್ಕ ಹಳೇ ತಳಿ ಹಚ್ಚಿದ್ಲು. ಯಾವುದು ಹೆಚ್ಚು ಕಾಯಿ ಬಿಡತೈತಿ ಅನ್ನೋದ ಆಕಿ ಸಂಶೋಧನೆ.

"ಚಾಚಿ, ಒಂದು ಮಡೀದು ಒಂದೇ ಚೀಲಕ್ಕ ಹೋಗ್ಬೇಕ್ರಿ."

"ಹೂಂ ತಂಗಿ," ಅಂದ್ಲು ಮುಮ್ತಾಜಬಿ. ಯಾಕ ಅಂತ ಆಕಿ ಹೇಳಲಿಲ್ಲ, ಈಕಿ ಕೇಳಲಿಲ್ಲ.

ಎರಡು ಸಲ ಹರದಾದ ಮ್ಯಾಲ ಸುರೇಖಾ ತೂಕದ ವಹಿ ಹಿಡಕೊಂಡು ಓಡಿ ಬಂದ್ಲು. "ಚಾಚಿ, ಹೊಸಾ ತಳಿ ಎಲ್ಲಾ ಮಡ್ಯಾಗೂ ಮುಂದ ಐತ್ರಿ!"

ಮುಮ್ತಾಜಬಿ ನಕ್ಕವಳು ಅಲ್ಲೇ ನಗು ನುಂಗಿದ್ಲು. ಹೊಸಾ ತಳಿ ಗಿಡಾ ಗಿಡ್ಡ. ನಡಾ ಬಗ್ಗಿಸಿ ಹರಿಯಾಕ ತಡಾ ಆಗ್ತಿತ್ತು. ಆ ಮಡ್ಯಾಗ ಹರಿಯೋ ಮುದುಕಿ ನೀಲಗಂಗವ್ವನಂಥಾರು ದಿನಾ ಹಿಂದ ಬೀಳ್ತಿದ್ರು, ಹಳೇ ತಳಿ ಮಡ್ಯಾಗಿನಾಕೇರು ದಿನಾ ಬೊಗಸಿ ಹಾಕ್ತಿದ್ರು. ಈ ತೂಕಾ ಗಿಡದ್ದಲ್ಲ, ಬೊಗಸೀದು!

'ಯಾ ಅಲ್ಲಾ, ಈ ಹುಡುಗಿ ಕೆಲಸಾ ನಾವ ಹಾಳ ಮಾಡಿದ್ವಲ್ಲ!' ಬಾಯಿ ಮುಚಗೊಂಡಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಹೇಳಿದ್ರ ಹುಡುಗಿ ಇಡೀ ವರ್ಷ ಮಣ್ಣಪಾಲು. ಆದ್ರ ನಾಳೆ ರೈತರು ಇದನ್ನ ನಂಬಿ ಆ ಬೀಜಾ ಹಾಕಿದ್ರ? ಮುಮ್ತಾಜಬಿ ಎಲ್ಲಾ ಹೇಳಿಬಿಟ್ಲು.

ಸುರೇಖಾ ಬದುವಿನ ಮ್ಯಾಲ ಕುಂತು ಅತ್ಲು. "ಗೈಡ್ ಸಾಹೇಬ್ರಿಗೆ ಏನಂತ ಹೇಳ್ಲಿರಿ?"

"ಅಳೂದು ಸಾಕು. ತಪ್ಪು ನಮ್ದು. ನಡಿ, ನಾನೂ ಬರ್ತೇನಿ."

ಹಾವೇರಿ ಬಸ್ ಹತ್ತಿ ಇಬ್ಬರೂ ಹೋದ್ರು. ಗೈಡ್ ಶಂಭುಲಿಂಗ ಸಾಹೇಬ್ರು ಪೂರಾ ಕೇಳಿದ್ರು. "ಇದರಾಗ ನಂದೂ ತಪ್ಪೈತಿ," ಅಂದ್ರು. "ಹರಿಯೋ ದಿನಾ ನಾ ಒಮ್ಮಿನೂ ಹೊಲಕ್ಕ ಬಂದಿಲ್ಲ. ಸುರೇಖಾ, ಈ ತೂಕಾ ಅಳಸಬ್ಯಾಡ. ಯಾಕ ಕೆಟ್ಟತು ಅಂತ ಬಾಜೂಕ ಬರದಿಡು. ನಿನಗ ಇನ್ನೊಂದು ವರ್ಷ ಬೇಕಂತ ನಾ ಪತ್ರಾ ಕೊಡ್ತೇನಿ."

ಮರುವರ್ಷ ಸಾಹೇಬ್ರೂ ಹೊಲಕ್ಕ ಬಂದ್ರು. ಮುಮ್ತಾಜಬಿ ಬದುವಿನ ಮ್ಯಾಲ ನಿಂತು ಕೂಗಿದ್ಲು: "ಈ ಹೊಲ್ದಾಗ ಬೊಗಸಿ ಬಂದ್! ಹಾಕಿದಾಕಿ ನಾಳಿಂದ ಬರೂದು ಬ್ಯಾಡ!" ಹೆಂಗಸರು ಗೊಣಗಿದ್ರು. ತಮ್ಮ ತಮ್ಮದು ಮುಗಿಸಿ ಬೇವಿನ ನೆಳ್ಳಿಗೆ ಕುಂತ್ರು, ನೀಲಗಂಗವ್ವ ಒಬ್ಬಾಕೀನ ಬಿಸಿಲಾಗ ಉಳದ್ಲು. ಮುಮ್ತಾಜಬಿ ಬೊಗಸಿ ಹಾಕಾಕಂತ ಎರಡು ಸಲ ಎದ್ಲು, ಎರಡು ಸಲ ಕುಂತ್ಲು.

"ಕುಂದ್ರ ಬೇ! ನನ್ನ ಮಡಿ ನಾನ ಮುಗಸ್ತೇನಿ!" ಅಂತ ಮುದುಕಿ ಅಲ್ಲಿಂದ್ಲೇ ಗದರಿಸಿದ್ಲು.

ಕಡೀ ತೂಕದ ದಿನಾ ಹೊಸಾ ತಳಿ ಹಳೇದಕ್ಕಿಂತ ಹಿಂದ ಬಿತ್ತು. ಸುರೇಖಾ ಮಾರಿ ಸಪ್ಪಗಾತು. ಆದ್ರೂ ಇದ್ದದ್ದನ್ನ ಇದ್ದಂಗ ಬರದ್ಲು. ಬಾಜೂಕ ಹರಿದವರ ಸಹಿಗೆ ಜಾಗಾ ಬಿಟ್ಟು, ವಹಿ ಮುಮ್ತಾಜಬಿ ಮುಂದ ಹಿಡದ್ಲು. ಇಷ್ಟು ವರ್ಷದಾಗ ಯಾವ ಹೊಲದ ವಹ್ಯಾಗೂ ಆಕಿ ಸಹಿ ಯಾರೂ ಕೇಳಿದ್ದಿಲ್ಲ.

ಮುಮ್ತಾಜಬಿ ಪೆನ್ನು ತಗೊಂಡ್ಲು, ಆದ್ರ ಬರೀಲಿಲ್ಲ.

"ಚೀಲಾ ಇನ್ನೊಮ್ಮೆ ಕಾಟಾದ ಮ್ಯಾಲ ಇಡು ತಂಗಿ. ನಾ ನನ್ನ ಕಣ್ಣಲೆ ನೋಡಿ ಆಮ್ಯಾಲ ಸಹಿ ಮಾಡ್ತೇನಿ."